ಮುಂಬಯಿಗೆ ಹೋದ ಹೆಣ್ಣುಮಕ್ಕಳು

ನಮ್ಮ ಗೋಕಾಕ, ಹುಕ್ಕೇರಿ, ಮೂಡಲಗಿ ಸೀಮೆಯ ಹಿರಿಯರಿಗೆ ಬೆಂಗಳೂರಿಗಿಂತ ಮುಂಬಯಿಯೇ ಪರಿಚಯದ ಊರು. ಇದಕ್ಕೆ ಇತಿಹಾಸದ ಕಾರಣವಿದೆ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಬೆಳಗಾವಿ ಜಿಲ್ಲೆ ಮುಂಬಯಿ ಸರಕಾರದ ಆಡಳಿತದಲ್ಲಿತ್ತು. ಹೈಕೋರ್ಟು ಅಲ್ಲಿ, ದೊಡ್ಡ ಕಾಲೇಜು ಅಲ್ಲಿ, ಹತ್ತಿಯ ಪೇಟೆ ಅಲ್ಲಿ. ಗೋಕಾಕ ಜಲಪಾತದ ಬಳಿ 1887ರಲ್ಲಿ ಘಟಪ್ರಭೆಯ ನೀರಿನ ಬಲದಿಂದ ನೂಲಿನ ಗಿರಣಿ ತಿರುಗತೊಡಗಿದ ಮೇಲಂತೂ ಮುಂಬಯಿಯ ಹೆಸರು ನಮ್ಮ ಮನೆಮಾತಾಯಿತು. ಸಣ್ಣ ಗಾಡಿಯಲ್ಲಿ ಪುಣೆಯವರೆಗೆ ಹೋಗಿ, ಅಲ್ಲಿ ದೊಡ್ಡ ಗಾಡಿಗೆ ಬದಲಿಸಿ, ನಮ್ಮ ಅಜ್ಜಂದಿರು ಮುಂಬಯಿ ಕಂಡು ಬಂದರು. ಅಜ್ಜಿಯಂದಿರು ಅವರ ಬಾಯಿಂದ ಮುಂಬಯಿಯ ಸುದ್ದಿ ಕೇಳಿದರು.

2019ರ ಜನವರಿಯಲ್ಲಿ ನಾನು ಐದು ದಿನಗಳ ಮಟ್ಟಿಗೆ ಮುಂಬಯಿಗೆ ಹೊರಟಾಗ ಓಣಿಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ.

"ಯಾರದರೀ ಮದಿವಿ, ವೈನಿ?"

"ಮದುವಿ ಇಲ್ಲವಾ."

"ಮತ್ತ ದವಾಖಾನಿಗೇನು?"

"ಇಲ್ಲ. ಸುಮ್ಮನ ಚಿತ್ರಾ ನೋಡಾಕ, ಗಾಯನಾ ಕೇಳಾಕ."

"ಅಯ್ಯ! ಅದಕ್ಕ ಅಷ್ಟ ದೂರ, ಅದೂ ಒಬ್ಬಾಕೀನ?"

ಹೆಣ್ಣಿನ ಪ್ರಯಾಣಕ್ಕೆ ಮದುವೆ, ಬಾಣಂತನ, ಬೇನೆ, ಇಲ್ಲವೆ ಯಾತ್ರೆ ಎಂಬ ನಾಲ್ಕೇ ಕಾರಣಗಳು ನಮ್ಮಲ್ಲಿ ಒಪ್ಪಿತ. ಐದನೆಯದನ್ನು ಹೇಳಿದರೆ ಕೇಳುವವರಿಗೆ ಅನುಮಾನ. ಮನೆಯವರು ಬೇಡವೆನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಘಟಪ್ರಭಾ ಸ್ಟೇಶನ್ನಿನಲ್ಲಿ ರಾತ್ರಿ ಗಾಡಿ ಹತ್ತಿದೆ. ಬೆಳಗಾಗುವಷ್ಟರಲ್ಲಿ ದಾದರ ಬಂದಿತ್ತು. ಕನ್ನಡದ ಮಾತು, ಇಡ್ಲಿ, ಹೂವಿನ ಪೇಟೆ ಮೂರೂ ಸಿಗುವ ಮಾಟುಂಗಾದಲ್ಲಿ ಉಳಿದುಕೊಂಡೆ.

ಮೊದಲ ದಿನ ವಸ್ತುಸಂಗ್ರಹಾಲಯ. ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎಂದು ಹಿರಿಯರು ಹೇಳುತ್ತಿದ್ದ ಕಟ್ಟಡವೇ ಈಗಿನ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ. 1905ರಲ್ಲಿ ಅಡಿಗಲ್ಲು ಬಿದ್ದು, 1922ರಲ್ಲಿ ಜನರಿಗೆ ತೆರೆದದ್ದು. ಶಿಲ್ಪಗಳ ಕೋಣೆಯಲ್ಲಿ ನಡೆಯುತ್ತಿದ್ದವಳು ಒಂದು ಕಡೆ ತಟ್ಟನೆ ನಿಂತೆ. ಕಮಲದ ಮೇಲೆ ಕುಳಿತ ಬ್ರಹ್ಮ, ಸುತ್ತ ಋಷಿಗಳು. ಎಲ್ಲಿಯವನೆಂದು ಓದಿದರೆ ನಮ್ಮ ಐಹೊಳೆಯವನು! ಹುಚ್ಚಪ್ಪಯ್ಯನ ಗುಡಿಯ ಮಾಳಿಗೆಯ ಕಲ್ಲು, ಏಳನೆಯ ಶತಮಾನದ್ದು. ತನ್ನ ಊರಲ್ಲಿ ಮೇಲಿನಿಂದ ಕೆಳಗೆ ನೋಡುತ್ತಿದ್ದವನು ಇಲ್ಲಿ ನನ್ನ ಎದುರಿಗೇ ಇದ್ದ. ಊರಲ್ಲಿದ್ದಿದ್ದರೆ ಕತ್ತು ಎತ್ತಿ ಎರಡು ನಿಮಿಷ ನೋಡುತ್ತಿದ್ದೆನೇನೋ. ಇಲ್ಲಿ ಅರ್ಧ ತಾಸು ನಿಂತೆ. "ನಡಿ, ಬಸ್ಸು ಹೋದೀತು" ಎಂದು ಕರೆಯುವವರು ಯಾರೂ ಇರಲಿಲ್ಲ. ಒಬ್ಬಳೇ ಹೋಗುವುದರ ಸುಖ ಏನೆಂದು ಯಾರಾದರೂ ಕೇಳಿದರೆ ನಾನು ಹೇಳುವುದು ಈ ಅರ್ಧ ತಾಸನ್ನೇ.

ಮರುದಿನ ಅದರ ಪಕ್ಕದಲ್ಲೇ ಇರುವ ಜಹಾಂಗೀರ ಆರ್ಟ್ ಗ್ಯಾಲರಿಗೆ ಹೋದೆ. 1952ರಲ್ಲಿ ಆರಂಭವಾದದ್ದು. ಟಿಕೇಟಿಲ್ಲ, ತಡೆಯಿಲ್ಲ. ಚಿತ್ರಗಳ ಅರ್ಥ ಎಲ್ಲವೂ ಆಯಿತೆಂದಲ್ಲ. ಬಣ್ಣದ ಮುಂದೆ ಸುಮ್ಮನೆ ನಿಲ್ಲಲಿಕ್ಕೆ ಅರ್ಥದ ಪರವಾನಗಿ ಬೇಕಿಲ್ಲ ಎಂಬುದು ಮಾತ್ರ ತಿಳಿಯಿತು.

ನನ್ನ ಮನಸ್ಸಿನಲ್ಲಿ ಇಂದಿಗೂ ಕುಳಿತಿರುವುದು ಮೂರನೆಯ ಸಂಜೆ. ಗಿರಗಾವಿನ ಹತ್ತಿರ ರಾಯಲ್ ಒಪೆರಾ ಹೌಸ್ ಇದೆ. ಐದನೆಯ ಜಾರ್ಜ್ ದೊರೆ 1911ರಲ್ಲಿ ಉದ್ಘಾಟಿಸಿದ ರಂಗಮಂದಿರ. 1993ರಲ್ಲಿ ಮುಚ್ಚಿ, ದುರಸ್ತಿಯಾಗಿ 2016ರಲ್ಲಿ ಮತ್ತೆ ಬಾಗಿಲು ತೆರೆಯಿತು. ಅಲ್ಲಿ ಗಾಯನ ಕೇಳುತ್ತ ಕುಳಿತಾಗ ನನಗೆ ಬಾಲಗಂಧರ್ವರ ಕಾಲದ ಮುಂಬಯಿ ನೆನಪಾಯಿತು. ನಾರಾಯಣರಾವ ರಾಜಹಂಸ ಎಂಬ ಗಂಡಸು ಸೀರೆಯುಟ್ಟು ರಂಗಕ್ಕೆ ಬಂದರೆ ಆ ಸೀರೆಯ ಅಂಚು, ಉಡುವ ರೀತಿ, ಮುಡಿಗೆ ಹೂ ಮುಡಿಯುವ ಬಗೆ ಎಲ್ಲವನ್ನೂ ದೊಡ್ಡ ಮನೆತನದ ಹೆಂಗಸರು ನೋಡಿ ಕಲಿಯುತ್ತಿದ್ದರು. ಅದೇ ಕಂಪನಿಗೆ ಮುಂದೆ ನಿಜವಾದ ಹೆಣ್ಣೊಬ್ಬಳು ಬಂದಳು. ನಮ್ಮ ಬೀಳಗಿಯ ಗೋಹರಬಾಯಿ ಕರ್ನಾಟಕಿ. ಬಾಲಗಂಧರ್ವರ ಗಾಯಕಿಯನ್ನು ಕಂಠಕ್ಕೆ ಇಳಿಸಿಕೊಂಡವಳು, ಕೊನೆಗೆ ಅವರ ಕೈಹಿಡಿದು ಬಾಳಿದವಳು. ಅವಳನ್ನು ಮಾತ್ರ ಅನೇಕ ರಸಿಕರು ಕ್ಷಮಿಸಲಿಲ್ಲ. ಹೆಣ್ಣಿನ ವೇಷ ಹಾಕಿದ ಗಂಡಿಗೆ ಆರತಿ, ಹೆಣ್ಣಾಗಿಯೇ ಬಂದವಳಿಗೆ ಬೈಗುಳ!

ಅವಳ ತಂಗಿ ಅಮೀರಬಾಯಿ. ಅವಳೂ ಎಳೆಯ ವಯಸ್ಸಿನಲ್ಲೇ ಮುಂಬಯಿ ಸೇರಿದಳು. 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಯವಾದಳು. ರಹಮತ್ ತರೀಕೆರೆಯವರು ಅವಳ ಬದುಕಿನ ಬಗ್ಗೆ ಪುಸ್ತಕ ಬರೆಯುವವರೆಗೆ ನಮ್ಮಲ್ಲಿ ಎಷ್ಟೋ ಜನಕ್ಕೆ ಅವಳ ಹೆಸರೂ ಮರೆತುಹೋಗಿತ್ತು. ಅಕ್ಕತಂಗಿಯರಿಬ್ಬರೂ ಹೆಸರಿನ ಮುಂದೆ 'ಕರ್ನಾಟಕಿ' ಎಂದು ಇಟ್ಟುಕೊಂಡದ್ದನ್ನು ಗಮನಿಸಿ. ಆಗ ಆ ಹೆಸರಿನ ರಾಜ್ಯವೇ ಇರಲಿಲ್ಲ. ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಅಮೀರಬಾಯಿ 1965ರಲ್ಲೇ ತೀರಿಕೊಂಡಿದ್ದಳು, ಗೋಹರಬಾಯಿ ಅದಕ್ಕೂ ಮುಂಚೆ.

ಗಂಗೂಬಾಯಿ ಹಾನಗಲ್ಲರನ್ನು ಎಲ್ಲರೂ ಬಲ್ಲರು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯವರ ಎದುರು ಹಾಡಿದ ಹುಡುಗಿಯರಲ್ಲಿ ಅವರೂ ಒಬ್ಬರು. ಹಾಡಿದ ಸಂತೋಷಕ್ಕಿಂತ, ಊಟದ ಹೊತ್ತಿಗೆ ತನ್ನನ್ನು ಬೇರೆ ಕೂರಿಸಿಯಾರೆಂಬ ಅಂಜಿಕೆಯೇ ಹೆಚ್ಚಾಗಿತ್ತೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಎಂಟು ವರ್ಷಗಳ ಮೇಲೆ, 1932ರಲ್ಲಿ, ಎಚ್.ಎಂ.ವಿ. ಕಂಪನಿಯವರು ಮುಂಬಯಿಗೆ ಕರೆಸಿ ಅವರ ಹಾಡು ಮುದ್ರಿಸಿಕೊಂಡರು. 'ಗಾಂಧಾರಿ ಹುಬ್ಬಳ್ಳಿ' ಎಂಬ ಹೆಸರಿನಲ್ಲಿ ಪ್ಲೇಟುಗಳು ಹೊರಬಂದವು. ಹುಬ್ಬಳ್ಳಿಯ ಬೀದಿಯಲ್ಲಿ ನಡೆದರೆ ಗಾಣೇವಾಲಿ ಎಂದು ಅಣಕಿಸಿದವರ ಮನೆಯ ಗ್ರಾಮಾಫೋನಿನಲ್ಲಿ ಅದೇ ಕಂಠ ಹಾಡಿರಬಹುದಲ್ಲವೇ?

ನಮ್ಮ ಪ್ರಾಂತದಿಂದ ಕಲೆಯ ಕಾರಣಕ್ಕಾಗಿ ಮುಂಬಯಿಗೆ ಹೋದ ಹೆಣ್ಣುಮಕ್ಕಳು ಇವರು. ಹಾಡುವುದನ್ನೇ ವೃತ್ತಿ ಮಾಡಿಕೊಂಡ ಮನೆತನಗಳಿಂದ ಬಂದವರು. ಅವರಿಗೆ ಹೊಸಿಲು ದಾಟುವ ದಾರಿಯಿತ್ತು, ಮರ್ಯಾದೆ ಇರಲಿಲ್ಲ. ನಮ್ಮ ಅಜ್ಜಿಯಂದಿರಿಗೆ ಮರ್ಯಾದೆ ಇತ್ತು, ದಾರಿ ಇರಲಿಲ್ಲ. ಒಂದೇ ಮಾತು ಇಬ್ಬರನ್ನೂ ಕಟ್ಟಿತ್ತು. ಒಬ್ಬಳನ್ನು ಒಳಗೆ, ಒಬ್ಬಳನ್ನು ಹೊರಗೆ.

ಗಾಯನ ಮುಗಿದಾಗ ಒಂಬತ್ತೂವರೆ. ಲೋಕಲ್ ಗಾಡಿಯ ಹೆಂಗಸರ ಡಬ್ಬಿಯಲ್ಲಿ ಕುಳಿತೆ. ಎದುರಿಗೆ ಒಬ್ಬಾಕೆ ತೊಡೆಯ ಮೇಲೆ ಪೇಪರ ಹಾಸಿ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಯಾರೂ ನನ್ನನ್ನು ಯಾಕೆ ಒಬ್ಬಳೇ ಎಂದು ಕೇಳಲಿಲ್ಲ. ಟಿಕೇಟು ಕೊಂಡು, ಕುರ್ಚಿಯಲ್ಲಿ ಕುಳಿತು, ಮೆಚ್ಚಿದಾಗ ತಲೆದೂಗಿ, ಮರ್ಯಾದೆ ಕಳೆದುಕೊಳ್ಳದೆ ಕೋಣೆಗೆ ಮರಳುವ ಈ ಸಣ್ಣ ಸ್ವಾತಂತ್ರ್ಯ ನನಗೆ ತಾನಾಗಿ ಬಂದದ್ದಲ್ಲ. ಮುಂದೆ ಹೋದವರು ಬೈಗುಳ ತಿಂದು ದಾರಿ ಸವೆಸಿದ್ದಾರೆ.

ಊರಿಗೆ ಬಂದ ಮೇಲೆ ಇನ್ನೊಂದು ವಿಚಾರ ಕಾಡಿತು. ಎಲ್ಲ ಕಲೆಯೂ ಮುಂಬಯಿಗೇ ಹೋಗಲಿಲ್ಲವಲ್ಲ! ನಮ್ಮ ಕುಲಗೋಡದ ತಮ್ಮಣ್ಣ ಶ್ರೀಕೃಷ್ಣ ಪಾರಿಜಾತವನ್ನು ಊರೂರಿಗೆ ಮುಟ್ಟಿಸಿದ. ಒಂದು ಹೂವಿಗಾಗಿ ರುಕ್ಮಿಣಿ ಸತ್ಯಭಾಮೆಯರ ನಡುವೆ ನಡೆಯುವ ಆ ಆಟದಲ್ಲಿ ಹೆಸರು ಮಾಡಿದ ಹೆಣ್ಣು ಕೌಜಲಗಿಯ ನಿಂಗಮ್ಮ. ಬಯಲಾಟದ ಹೆಣ್ಣುವೇಷ ಬಹುಮಟ್ಟಿಗೆ ಗಂಡಸರ ಪಾಲಾಗಿದ್ದ ಕಾಲದಲ್ಲಿ ರಂಗಕ್ಕೆ ಬಂದವಳು. ಮುಂಬಯಿಯಲ್ಲಿ ಗೋಹರಬಾಯಿ ಮಾಡಿದ ಧೈರ್ಯವನ್ನು ಇವಳು ನಮ್ಮ ಹಳ್ಳಿಯ ದೀಪದ ಬೆಳಕಿನಲ್ಲೇ ಮಾಡಿದಳು. ರಾತ್ರಿಯಿಡೀ ನಡೆಯುವ ಆ ಆಟಕ್ಕೆ ನಾವು ಎಷ್ಟು ಜನ ಹೋಗಿದ್ದೇವೆ? ಹುಕ್ಕೇರಿಯ ಆದಿಲಶಾಹಿ ಕಾಲದ ಗುಮ್ಮಟಗಳನ್ನು ಬಸ್ಸಿನ ಕಿಟಕಿಯಿಂದ ಎಷ್ಟು ಸಲ ನೋಡಿದ್ದೇನೋ, ಇಳಿದು ನೋಡಿದ್ದು ಮುಂಬಯಿಯಿಂದ ಬಂದ ಮೇಲೆಯೇ. ಆ ದಿನವೂ ಒಬ್ಬಳೇ ಹೋದೆ. ಗುಮ್ಮಟದ ತಂಪಿನಲ್ಲಿ ಸಾವಕಾಶ ಕುಳಿತೆ.

ಆದ್ದರಿಂದ ನಿಮಗೆ ನನ್ನದೊಂದು ಮಾತು. ದೂರದ ಊರಿಗೆ ಹೋಗುವುದು ಕೂಡದಿದ್ದರೆ ಬೇಡ. ಹತ್ತಿರದ ಜಾತ್ರೆಯಲ್ಲಿ ಪಾರಿಜಾತ ಇದೆಯೆಂದು ಕೇಳಿದರೆ ಒಂದು ಚಾಪೆ ತಗೊಂಡು ಹೊರಡಿ. ಯಾರದು ಮದುವೆ ಎಂದು ಓಣಿಯವರು ಕೇಳಿದರೆ, ಆಟ ನೋಡಾಕ ಹೊಂಟೀನಿ ಅನ್ನಿರಿ. ಐದನೆಯ ಕಾರಣ ಹೇಳಿ ಹೇಳಿಯೇ ರೂಢಿಯಾಗಬೇಕು.