ಎದೆಬಡಿತದ ಏರುಪೇರು: ಸಾರ್ವಜನಿಕರು ತಿಳಿದಿರಬೇಕಾದ ಅಂಶಗಳು

ಹೃದಯವು ಸದಾ ಬಡಿಯುತ್ತಿದ್ದರೂ ಅದು ಸಾಮಾನ್ಯವಾಗಿ ನಮ್ಮ ಅರಿವಿಗೆ ಬರುವುದಿಲ್ಲ. ಬಡಿತವು ವೇಗವಾಗಿ, ಬಲವಾಗಿ ಅಥವಾ ನಡುವೆ ಒಂದು ತಪ್ಪಿದಂತೆ ಅನುಭವಕ್ಕೆ ಬರುವುದನ್ನು ಆಡುಮಾತಿನಲ್ಲಿ ಎದೆ ಡವಡವ ಎನ್ನುವುದು ಎನ್ನುತ್ತಾರೆ. ಇದು ಲಕ್ಷಣವೇ ಹೊರತು ಸ್ವತಃ ಕಾಯಿಲೆಯಲ್ಲ. ವಿಶ್ರಾಂತಿಯಲ್ಲಿರುವ ವಯಸ್ಕರ ನಾಡಿಬಡಿತವು ನಿಮಿಷಕ್ಕೆ 60ರಿಂದ 100ರವರೆಗೆ ಇರುವುದು ಸಹಜ.

ಆತಂಕ, ನಿದ್ರಾಹೀನತೆ, ಜ್ವರ, ಅತಿಯಾದ ಕಾಫಿ-ಚಹಾ, ತಂಬಾಕು ಮತ್ತು ಮದ್ಯ ಸೇವನೆ ಸಾಮಾನ್ಯ ಕಾರಣಗಳಾಗಿವೆ. ಗರ್ಭಿಣಿಯರಲ್ಲಿಯೂ ಇದು ಕಂಡುಬರುತ್ತದೆ. ರಕ್ತಹೀನತೆ ಹಾಗೂ ಥೈರಾಯ್ಡ್ ಗ್ರಂಥಿಯ ಅತಿಸ್ರಾವವನ್ನು ರಕ್ತಪರೀಕ್ಷೆಯಿಂದ ಪತ್ತೆ ಹಚ್ಚಬಹುದು. ಉಬ್ಬಸಕ್ಕೆ ಬಳಸುವ ಸಾಲ್ಬುಟಮಾಲ್ ಹಾಗೂ ಕೆಲವು ನೆಗಡಿ ಮಾತ್ರೆಗಳಿಂದಲೂ ಬಡಿತ ಹೆಚ್ಚಬಹುದಾದ್ದರಿಂದ, ಸೇವಿಸುತ್ತಿರುವ ಎಲ್ಲಾ ಔಷಧಿಗಳ ವಿವರವನ್ನು ವೈದ್ಯರಿಗೆ ನೀಡತಕ್ಕದ್ದು. ಆದರೆ ವೈದ್ಯರು ಬರೆದುಕೊಟ್ಟ ಔಷಧಿಯನ್ನು ಸ್ವಯಂ ನಿರ್ಧಾರದಿಂದ ನಿಲ್ಲಿಸಬಾರದು.

ಆಸ್ಪತ್ರೆ ತಲುಪುವಷ್ಟರಲ್ಲಿ ಬಡಿತವು ಸರಿಹೋಗಿ, ಇಸಿಜಿಯಲ್ಲಿ ಏನೂ ಕಾಣದಿರುವುದು ಬಹಳಷ್ಟು ಮಂದಿಯ ಅನುಭವ. ಇಸಿಜಿಯು ಕೆಲವೇ ಸೆಕೆಂಡುಗಳ ದಾಖಲೆಯಾಗಿದ್ದು, ಅದು ಸಹಜವಾಗಿದ್ದ ಮಾತ್ರಕ್ಕೆ ತೊಂದರೆ ಇಲ್ಲವೆಂದು ಭಾವಿಸತಕ್ಕದ್ದಲ್ಲ. ಆದುದರಿಂದ ಜಮಾ-ಖರ್ಚು ಬರೆದಿಡುವಂತೆಯೇ ಇದನ್ನೂ ಬರೆದಿಡುವುದು ಸೂಕ್ತ: ದಿನಾಂಕ, ವೇಳೆ, ಎಷ್ಟು ನಿಮಿಷ ಇತ್ತು, ಆಗ ಏನು ಮಾಡುತ್ತಿದ್ದಿರಿ, ಒಮ್ಮೆಲೇ ಆರಂಭವಾಯಿತೇ ಅಥವಾ ನಿಧಾನವಾಗಿಯೇ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ಣ ಒಂದು ನಿಮಿಷ ನಾಡಿ ಎಣಿಸಿ, ಬಡಿತ ಸಮವಾಗಿತ್ತೇ ಎಂಬುದನ್ನೂ ನಮೂದಿಸಬೇಕು. ಅಗತ್ಯವಿದ್ದಲ್ಲಿ ವೈದ್ಯರು 24 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಮೈಮೇಲೆ ಧರಿಸುವ ಹೋಲ್ಟರ್ ಉಪಕರಣದ ಪರೀಕ್ಷೆಗೆ ಸೂಚಿಸುತ್ತಾರೆ. ತಾಳವಿಲ್ಲದ ಬಡಿತವನ್ನು ಅಲಕ್ಷಿಸಬಾರದು. ಹೃದಯದ ಮೇಲ್ಕೋಣೆಗಳ ಕಂಪನದಿಂದ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಉಂಟಾಗುವ ಸಂಭವವಿದೆ.

ಬಡಿತದ ಏರುಪೇರಿನೊಂದಿಗೆ ಎದೆನೋವು, ಉಸಿರಾಟದ ತೊಂದರೆ ಅಥವಾ ಪ್ರಜ್ಞೆ ತಪ್ಪುವಿಕೆ ಕಂಡುಬಂದಲ್ಲಿ ಮೇಲ್ಕಂಡ ಯಾವುದಕ್ಕೂ ಕಾಯದೆ ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು. ರೋಗಿಯು ತಾನೇ ವಾಹನ ಚಲಾಯಿಸಿಕೊಂಡು ಹೋಗಬಾರದು. ಶ್ರಮದ ಕೆಲಸ ಮಾಡುವಾಗಲೇ ಬಡಿತ ಏರುಪೇರಾಗುವವರು, ಈಗಾಗಲೇ ಹೃದ್ರೋಗವಿರುವವರು ಹಾಗೂ ಕುಟುಂಬದಲ್ಲಿ ಚಿಕ್ಕ ವಯಸ್ಸಿನಲ್ಲಿ ಹಠಾತ್ ಮರಣ ಸಂಭವಿಸಿರುವವರು, ಬಡಿತ ತಾನಾಗಿಯೇ ನಿಂತಿದ್ದರೂ ವಿಳಂಬ ಮಾಡದೆ ವೈದ್ಯರನ್ನು ಕಾಣಬೇಕು. ಹೋಗುವಾಗ ಹಳೆಯ ಇಸಿಜಿ ಪ್ರತಿಗಳಿದ್ದಲ್ಲಿ ಅವುಗಳನ್ನೂ ಜೊತೆಯಲ್ಲಿ ಕೊಂಡೊಯ್ಯುವುದು.