ಯುವ ಓದುಗರ ಪ್ರೇಮ ಕಾದಂಬರಿ ಮತ್ತು ಕನ್ನಡದ ಲೇಖಕ-ಪ್ರಕಾಶಕ ಪರಂಪರೆ

ಕನ್ನಡ ಕಾದಂಬರಿಯ ಚರಿತ್ರೆಯನ್ನು ನವೋದಯ, ಪ್ರಗತಿಶೀಲ, ನವ್ಯ, ಬಂಡಾಯ ಎಂಬ ಘಟ್ಟಗಳಲ್ಲಿ ವಿಂಗಡಿಸಿ ನೋಡುವ ಕ್ರಮ ರೂಢಿಯಲ್ಲಿದೆ. ಈ ವಿಂಗಡಣೆಯ ಯಾವ ಮನೆಯಲ್ಲೂ ಕೂರದೆ ಉಳಿದಿರುವ ಬಹುದೊಡ್ಡ ಗ್ರಂಥರಾಶಿಯೊಂದಿದೆ. ಹದಿಹರೆಯದವರು, ಅದನ್ನು ಈಗಷ್ಟೇ ದಾಟಿದವರು, ಅವರಲ್ಲೂ ಮುಖ್ಯವಾಗಿ ಹೆಣ್ಣುಮಕ್ಕಳು ಓದಿದ ಪ್ರೇಮ ಕಾದಂಬರಿಗಳ ರಾಶಿಯದು. ಇವುಗಳ ಒಳಪುಟದ ಮೇಲೆ 'ಸಾಮಾಜಿಕ ಕಾದಂಬರಿ' ಎಂಬ ಶಬ್ದವೇ ಹೆಚ್ಚಾಗಿ ಅಚ್ಚಾಗಿರುತ್ತದೆ. ಯುವ ಓದುಗರ ಸಾಹಿತ್ಯವೆಂಬ ಪ್ರತ್ಯೇಕ ವರ್ಗವನ್ನು ಕನ್ನಡದ ಪ್ರಕಾಶಕರೂ ಗ್ರಂಥಪಾಲಕರೂ ಇಟ್ಟುಕೊಂಡವರಲ್ಲ. ಆದರೆ ಓದುಗ ವರ್ಗ ಮಾತ್ರ ನೂರು ವರ್ಷಗಳಿಂದಲೂ ಇದೆ. ಆ ವರ್ಗದ ಕೈಗೆ ಪುಸ್ತಕವನ್ನು ಮುಟ್ಟಿಸಿದವರು ಯಾರು, ಅಚ್ಚಿನ ಖರ್ಚನ್ನು ಹೊತ್ತವರು ಯಾರು ಎಂಬ ಪ್ರಶ್ನೆಗೂ ಆ ಪುಸ್ತಕದಲ್ಲಿ ಪ್ರೇಮದ ಬಗ್ಗೆ ಏನನ್ನು ಹೇಳಬಹುದಾಗಿತ್ತು ಎಂಬ ಪ್ರಶ್ನೆಗೂ ನಿಕಟವಾದ ಸಂಬಂಧವಿದೆ. ಕೃತಿವಿಮರ್ಶೆಯಷ್ಟರಿಂದಲೇ ಈ ಸಂಬಂಧ ಗೋಚರಿಸುವುದಿಲ್ಲ.

1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಸಾಮಾನ್ಯವಾಗಿ ಪರಿಗಣಿತವಾಗಿದೆ. ಎಳೆಯ ವಯಸ್ಸಿನಲ್ಲೇ ವಿಧವೆಯಾದ ನಾಯಿಕೆ ವಿದ್ಯೆ ಕಲಿತು ಕೊನೆಗೆ ಭಾಸ್ಕರರಾಯನನ್ನು ಮದುವೆಯಾಗುವ ಈ ಕಥೆಯನ್ನು ಸಮಾಜ ಸುಧಾರಣೆಯ ದಾಖಲೆಯೆಂದು ಓದುವುದೇ ವಾಡಿಕೆ. ಆದರೆ ಹರೆಯದ ಹುಡುಗಿಯೊಬ್ಬಳ ಬಾಳು, ವಿದ್ಯೆ ಮತ್ತು ವಿವಾಹವನ್ನು ಒಂದೇ ಸೂತ್ರದಲ್ಲಿ ಪೋಣಿಸಿ ಸುಖಾಂತ್ಯಕ್ಕೆ ತಂದು ನಿಲ್ಲಿಸಿದ ಇದರ ಕಥಾವಿನ್ಯಾಸವೇ ಮುಂದಿನ ಎಂಟು ದಶಕಗಳ ಪ್ರೇಮ ಕಾದಂಬರಿಗಳ ಬೆನ್ನೆಲುಬಾಯಿತು ಎಂಬುದನ್ನು ಮರೆಯುವಂತಿಲ್ಲ.

ಉತ್ತರ ಕರ್ನಾಟಕದಲ್ಲಿ ಗಳಗನಾಥರು (1869-1942) ಹಿಡಿದ ದಾರಿ ಬೇರೆ. 1907ರಲ್ಲಿ ಆರಂಭವಾದ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯ ಮೂಲಕ ಅವರು ಮನೆಮನೆಗಳಲ್ಲಿ ಕಾದಂಬರಿಯ ಓದುಗರನ್ನು ಸಿದ್ಧಪಡಿಸಿದರು. ಪುಸ್ತಕದ ಗಂಟನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದರೆಂಬುದು ಆ ಭಾಗದಲ್ಲಿ ಇಂದಿಗೂ ಹೇಳಿಕೊಳ್ಳುವ ಸಂಗತಿ. ಅವರದು ಹೆಚ್ಚಾಗಿ ಐತಿಹಾಸಿಕ ವಸ್ತು. ಪ್ರೇಮವು ಅಲ್ಲಿ ಶೌರ್ಯ ಮತ್ತು ಧರ್ಮಗಳ ನೆರಳಿನಲ್ಲಿ ಬರುತ್ತದೆ. ಆದರೂ ಲೇಖಕನೇ ಪತ್ರಿಕೆಯನ್ನು ನಡೆಸಿ, ಅದರಿಂದ ಓದುಗರನ್ನು ಕಟ್ಟಿಕೊಂಡು, ಅದೇ ಓದುಗರಿಗೆ ಪುಸ್ತಕವನ್ನು ಮಾರುವ ಪದ್ಧತಿ ಅಂಗಡಿ ವ್ಯಾಪಾರವಿಲ್ಲದ ಆ ಕಾಲದಲ್ಲಿ ಉಳಿದಿದ್ದ ಕೆಲವೇ ಮಾರ್ಗಗಳಲ್ಲಿ ಒಂದಾಗಿತ್ತು.

ಈ ಮಾರ್ಗವನ್ನು ಮಹಿಳೆಯೊಬ್ಬರು, ಮಹಿಳೆಯರಿಗಾಗಿ ಹಿಡಿದದ್ದು ನಂಜನಗೂಡಿನಲ್ಲಿ. ತಿರುಮಲಾಂಬಾ (1887-1982) ತಮ್ಮ ಹದಿನಾಲ್ಕನೆಯ ವಯಸ್ಸಿನಲ್ಲಿ ವಿಧವೆಯಾದವರು. ಶಾಲೆಯ ದಾರಿ ಮುಚ್ಚಿದ ಮೇಲೆ ತಂದೆಯ ನೆರವಿನಿಂದ ಮನೆಯಲ್ಲೇ ಓದಿ ಬರೆಯಲು ತೊಡಗಿದರು. ಅವರ 'ಸುಶೀಲೆ' 1913ರಲ್ಲಿ ಬೆಳಕು ಕಂಡಿತು, ಮರುಮುದ್ರಣಗಳನ್ನೂ ಪಡೆಯಿತು. 'ಸತೀ ಹಿತೈಷಿಣೀ' ಎಂಬ ಗ್ರಂಥಮಾಲೆಯನ್ನು ಸ್ಥಾಪಿಸಿ ತಮ್ಮ ಕೃತಿಗಳನ್ನು ತಾವೇ ಪ್ರಕಟಿಸಿದರು. ಅದೇ ದಶಕದ ಉತ್ತರಾರ್ಧದಲ್ಲಿ 'ಕರ್ನಾಟಕ ನಂದಿನಿ' ಪತ್ರಿಕೆಯನ್ನು ಹೊರತಂದರು. ಬೆಂಗಳೂರಿನಲ್ಲಿ 'ಸರಸ್ವತಿ' ಪತ್ರಿಕೆಯನ್ನು ದೀರ್ಘಕಾಲ ನಡೆಸಿದ ಆರ್. ಕಲ್ಯಾಣಮ್ಮನವರನ್ನೂ ಇಲ್ಲಿ ನೆನೆಯಬೇಕು. ಮನೆಯ ಹೊಸ್ತಿಲನ್ನು ದಾಟುವುದೇ ಕಷ್ಟವಾಗಿದ್ದ ಸ್ಥಿತಿಯಲ್ಲಿ ಅಂಚೆಯೇ ಗ್ರಂಥಮಾಲೆಯ ಕಾಲುಗಳಾಗಿತ್ತು.

ತಿರುಮಲಾಂಬಾ ಅವರ ಕಥಾಲೋಕದಲ್ಲಿ ಪ್ರೇಮವಿರುವುದು ದಾಂಪತ್ಯದ ಒಳಗೆ. ಗ್ರಂಥಮಾಲೆಯ ಹೆಸರೇ ಸೂಚಿಸುವಂತೆ ಪಾತಿವ್ರತ್ಯದ ಆದರ್ಶ ಅಲ್ಲಿ ಪ್ರಬಲವಾಗಿದೆ. 'ಇಂದಿರಾಬಾಯಿ'ಯ ಲೇಖಕ ವಿಧವೆಗೆ ಮರುಮದುವೆಯನ್ನು ಕಲ್ಪಿಸಿಕೊಟ್ಟರು. ಸ್ವತಃ ಬಾಲವಿಧವೆಯಾದ ಲೇಖಕಿ ಅಂತಹ ಪ್ರಚಾರಕ್ಕೆ ಕೈಹಾಕದೆ ಸ್ತ್ರೀವಿದ್ಯೆಯ ಮೇಲೆ ಒತ್ತು ಕೊಟ್ಟರು. ಇದನ್ನು ಕೇವಲ ಸಂಪ್ರದಾಯನಿಷ್ಠೆಯೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಬರೆದವಳೂ ಅಚ್ಚುಹಾಕಿಸಿದವಳೂ ಮಾರಿದವಳೂ ಒಬ್ಬಳೇ ಆದಾಗ, ಅದೂ ಅವಳು ವಿಧವೆಯಾಗಿದ್ದಾಗ, ಪುಸ್ತಕವನ್ನು ಮಗಳ ಕೈಗೆ ಕೊಡಬೇಕಾದ ತಂದೆಯ ಮತ್ತು ಅತ್ತೆಮನೆಯವರ ಒಪ್ಪಿಗೆ ಅವಳ ಬಂಡವಾಳದ ಒಂದು ಭಾಗವೇ ಆಗಿಬಿಡುತ್ತದೆ. ತನ್ನದೇ ಪ್ರಕಾಶನ ಲೇಖಕಿಗೆ ಸ್ವಾತಂತ್ರ್ಯವನ್ನು ಕೊಟ್ಟಂತೆಯೇ ಎಚ್ಚರಿಕೆಯನ್ನೂ ಕಲಿಸಿತು ಎಂದು ಭಾವಿಸಲು ಅವಕಾಶವಿದೆ. ಮುಂದೆ ಅವರು ಬಹುಕಾಲ ಮೌನಕ್ಕೆ ಸರಿದರು. ಅವರ ಬದುಕು ಬರಹಗಳನ್ನು ಮತ್ತೆ ಚರ್ಚೆಗೆ ತಂದವರಲ್ಲಿ ಸಿ.ಎನ್. ಮಂಗಳಾ ಮತ್ತು ವಿಜಯಾ ದಬ್ಬೆ ಪ್ರಮುಖರು.

ಸ್ವಂತ ಪ್ರಕಾಶನವೆಂಬುದು ಪ್ರಕಾಶಕರು ಸಿಗದವರ ಕೊನೆಯ ಆಸರೆ ಎಂಬ ಈಚಿನ ಕಲ್ಪನೆ ಕನ್ನಡದ ಮಟ್ಟಿಗೆ ಸರಿಯಲ್ಲ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಮುದ್ರಣಾಲಯವನ್ನೇ ಇಟ್ಟುಕೊಂಡಿದ್ದರು, ಜಿ.ಪಿ. ರಾಜರತ್ನಂ ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿ ಮಾರಿದರು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿ ನಿಂತದ್ದು. ವ್ಯತ್ಯಾಸವೆಂದರೆ, ಪುರುಷ ಲೇಖಕರ ಇಂತಹ ಸಾಹಸವನ್ನು ಸಾಹಿತ್ಯ ಚರಿತ್ರೆ ಸ್ವಾಭಿಮಾನದ ಗುರುತಾಗಿ ದಾಖಲಿಸಿತು. ಅದಕ್ಕೂ ಮೊದಲೇ ಅದೇ ಕೆಲಸವನ್ನು ಮಾಡಿದ ತಿರುಮಲಾಂಬಾ ಅವರಿಗೆ ಬಹುಕಾಲ ದೊರೆತದ್ದು ಅಡಿಟಿಪ್ಪಣಿಯ ಸ್ಥಾನ.

ಐವತ್ತರ ದಶಕದಿಂದಾಚೆಗೆ ಚಿತ್ರ ಬದಲಾಗುತ್ತದೆ. ಪ್ರೌಢಶಾಲೆ ಮತ್ತು ಕಾಲೇಜುಗಳಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಹೆಚ್ಚಿತು. ಕಾದಂಬರಿಯ ನಾಯಿಕೆಯೂ ಕಾಲೇಜಿನ ಮೆಟ್ಟಿಲು ಹತ್ತಿದಳು. 1953ರಲ್ಲಿ 'ಅಪಸ್ವರ'ದಿಂದ ಕಾದಂಬರಿ ಕ್ಷೇತ್ರಕ್ಕೆ ಬಂದ ತ್ರಿವೇಣಿ (1928-1963) ಸುಮಾರು ಹತ್ತು ವರ್ಷಗಳಲ್ಲೇ ಸುಮಾರು ಇಪ್ಪತ್ತು ಕಾದಂಬರಿಗಳನ್ನು ಬರೆದು ತಮ್ಮ 34ನೆಯ ವಯಸ್ಸಿನಲ್ಲಿ ತೀರಿಕೊಂಡರು. ಎಂ.ಕೆ. ಇಂದಿರಾ, ವಾಣಿ, ಅನುಪಮಾ ನಿರಂಜನ, ಉಷಾ ನವರತ್ನರಾಂ, ಎಚ್.ಜಿ. ರಾಧಾದೇವಿ, ಸಾಯಿಸುತೆ ಮುಂತಾದವರು ಈ ಓದುಗ ವರ್ಗವನ್ನು ವಿಸ್ತರಿಸಿದರು. ಇವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು: 'ಫಣಿಯಮ್ಮ'ದ ಲೇಖಕಿಯ ಉದ್ದೇಶ ಬೇರೆ, ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಕೊಟ್ಟ ಸಾಯಿಸುತೆಯವರ ಉದ್ದೇಶ ಬೇರೆ. ಆದರೆ ಓದುಗರು ಇವರನ್ನು ಪಡೆದದ್ದು ಒಂದೇ ಕಪಾಟಿನಿಂದ.

ಆ ಕಪಾಟು ಬಾಡಿಗೆ ಪುಸ್ತಕದಂಗಡಿಯದು, ಅಂದರೆ ಜನರ ಬಾಯಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಯದು. ಬಡಾವಣೆಯ ತಿರುವಿನಲ್ಲಿ, ಹತ್ತಡಿ ಅಗಲದ ಮಳಿಗೆಯಲ್ಲಿ, ಸ್ವಲ್ಪ ಠೇವಣಿ ಮತ್ತು ದಿನದ ಲೆಕ್ಕದ ಬಾಡಿಗೆಯ ಮೇಲೆ ನಡೆಯುತ್ತಿದ್ದ ಈ ಅಂಗಡಿಗಳೇ ಅಂದಿನ ಕಾದಂಬರಿಯ ನಿಜವಾದ ಗಿರಾಕಿಗಳು. ಸಾವಿರ ಪ್ರತಿ ಅಚ್ಚಾದ ಪುಸ್ತಕದ ದೊಡ್ಡ ಪಾಲನ್ನು ಕೊಳ್ಳುತ್ತಿದ್ದವರು ಅಂಗಡಿಯವರು; ಓದುಗರು ಕೊಳ್ಳುತ್ತಿದ್ದುದು ಎರಡು ದಿನದ ಓದನ್ನು ಮಾತ್ರ. ಹೊಸ ಪುಸ್ತಕ ಬಂದೊಡನೆ ಅದರ ಮೂಲ ರಟ್ಟನ್ನು ಕಿತ್ತು, ದಪ್ಪ ರಟ್ಟು ಹಾಕಿ ಅಡ್ಡಹೊಲಿಗೆ ಹೊಲಿದು, ಬೆನ್ನಿನ ಮೇಲೆ ಅಂಕೆಯನ್ನು ಬರೆಯುತ್ತಿದ್ದರು. ಒಂದು ಪ್ರತಿಯನ್ನು ಒಂದು ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳು, ಅವಳ ತಾಯಿ, ಬಿಡುವಿದ್ದರೆ ಅಜ್ಜಿ, ಹೀಗೆ ಮೂರು ತಲೆಮಾರು ಓದಿ ಹಿಂದಿರುಗಿಸುವುದುಂಟು. ಆದ್ದರಿಂದ ಮುದ್ರಣದ ಸಂಖ್ಯೆಯಿಂದ ಓದಿನ ಪ್ರಮಾಣವನ್ನು ಅಳೆಯುವುದು ಈ ಕಾದಂಬರಿಗಳ ವಿಷಯದಲ್ಲಿ ದಾರಿ ತಪ್ಪಿಸುತ್ತದೆ.

ಇನ್ನೊಂದು ದ್ವಾರ ವಾರಪತ್ರಿಕೆ. 1965ರಲ್ಲಿ ಆರಂಭವಾದ 'ಸುಧಾ', 1983ರ 'ತರಂಗ' ಮೊದಲಾದವು ಧಾರಾವಾಹಿಗೆ ನಿಯತವಾದ ಸ್ಥಳ ಕೊಟ್ಟವು. ವಾರದಿಂದ ವಾರಕ್ಕೆ ಕಾಯಿಸುವ ತಂತ್ರ, ಕಂತಿನ ಕೊನೆಯಲ್ಲಿ ನಿಲ್ಲಿಸುವ ಸಂಕಟದ ಗಳಿಗೆ, ಪತ್ರ ಬರೆಯುವ ಓದುಗರು, ಇವೆಲ್ಲ ಕಾದಂಬರಿಯ ಕಟ್ಟಡವನ್ನೇ ಮಾರ್ಪಡಿಸಿದವು. ಲೇಖಕಿಗೆ ಸಂಭಾವನೆ ಮೊದಲೇ ದೊರೆಯಿತು. ಅಚ್ಚಿನ ಚಿಂತೆ ತಪ್ಪಿತು. ಆದರೆ ಪುಸ್ತಕದ ಹಕ್ಕನ್ನು ಒಂದೇ ಮೊತ್ತಕ್ಕೆ ಬಿಟ್ಟುಕೊಡುವುದು ಅಪರೂಪವಾಗಿರಲಿಲ್ಲ. ತಿರುಮಲಾಂಬಾ ಕೈಯಲ್ಲಿ ಹಿಡಿದಿದ್ದ ಒಡೆತನ ಹೀಗೆ ಸದ್ದಿಲ್ಲದೆ ಜಾರಿತು.

ಚಲನಚಿತ್ರ ಈ ಕಾದಂಬರಿಗಳಿಗೆ ಮತ್ತೊಂದು ಜೀವ ಕೊಟ್ಟಿತು. ತ್ರಿವೇಣಿಯವರ 'ಬೆಳ್ಳಿಮೋಡ'ವನ್ನು ಪುಟ್ಟಣ್ಣ ಕಣಗಾಲ್ 1967ರಲ್ಲಿ ತೆರೆಗೆ ತಂದರು. ವಾಣಿಯವರ 'ಎರಡು ಕನಸು' 1974ರಲ್ಲಿ, ಉಷಾ ನವರತ್ನರಾಂ ಅವರ 'ಹೊಂಬಿಸಿಲು' 1978ರಲ್ಲಿ, 'ಬಂಧನ' 1984ರಲ್ಲಿ ಚಿತ್ರಗಳಾದವು. ಎಚ್.ಜಿ. ರಾಧಾದೇವಿಯವರ 'ಅನುರಾಗದ ಅಂತಃಪುರ' 1986ರಲ್ಲಿ 'ಅನುರಾಗ ಅರಳಿತು' ಎಂಬ ಚಿತ್ರವಾಯಿತು. ಆ ಚಿತ್ರ ಮುಂದೆ ತೆಲುಗು, ತಮಿಳು, ಹಿಂದಿಗಳಲ್ಲಿ ಪುನರ್ನಿರ್ಮಾಣವಾಯಿತು. ಬಾಡಿಗೆ ಅಂಗಡಿಯ ಕಪಾಟಿನ ಕನ್ನಡ ಕಾದಂಬರಿಯೊಂದರ ಕಥೆ ಇಷ್ಟು ದೂರ ನಡೆದದ್ದನ್ನು ವಿಮರ್ಶೆ ಗಮನಿಸಲೇ ಇಲ್ಲ. ಈ ಎರಡು ತುದಿಗಳನ್ನು ಎದುರುಬದುರಾಗಿ ಇಟ್ಟು ನೋಡುವುದು ಉಪಯುಕ್ತ. 'ಬೆಳ್ಳಿಮೋಡ'ದ ಇಂದಿರಾ, ಆಸ್ತಿಯ ಲೆಕ್ಕಾಚಾರದಿಂದ ದೂರ ಸರಿದು ಮತ್ತೆ ಬಳಿಗೆ ಬಂದವನನ್ನು ನಿರಾಕರಿಸುತ್ತಾಳೆ. 'ಅನುರಾಗ ಅರಳಿತು' ಚಿತ್ರದಲ್ಲಿ ಉದ್ಯಮದ ಒಡತಿಯಾದ ಹೆಣ್ಣು ಗಂಡನ ಎದುರು ಬಾಗುವುದೇ ಸುಖಾಂತ್ಯ. ಪ್ರೇಮ ಕಾದಂಬರಿಯೆಂದರೆ ಒಂದೇ ಅಚ್ಚಿನ ಸರಕು ಎಂಬ ಮಾತು ಈ ಎರಡನ್ನೂ ಓದದವರ ಮಾತು.

'ಅಡುಗೆಮನೆ ಸಾಹಿತ್ಯ'ವೆಂಬ ಹೀಗಳಿಕೆ ಹುಟ್ಟಿದ್ದು ಈ ಸಂದರ್ಭದಲ್ಲಿಯೇ. ನವ್ಯ ವಿಮರ್ಶೆಯ ಮಾನದಂಡಗಳಿಗೆ ಈ ಕೃತಿಗಳು ನಿಲುಕಲಿಲ್ಲ ಎಂಬುದು ಒಂದು ಮಾತು. ಓದಿ ತಿರಸ್ಕರಿಸುವುದಕ್ಕೂ ಓದದೆ ತಿರಸ್ಕರಿಸುವುದಕ್ಕೂ ಇರುವ ಅಂತರ ಮತ್ತೊಂದು. ಇವುಗಳಲ್ಲಿ ಬಹುಪಾಲು ಸಾಧಾರಣವೆಂಬುದನ್ನು ಒಪ್ಪಿಕೊಂಡರೂ, ವರದಕ್ಷಿಣೆ, ಉದ್ಯೋಗ, ಜಾತಿ, ಮನೋರೋಗಗಳ ಬಗ್ಗೆ ಹದಿನೆಂಟರ ಹುಡುಗಿಯೊಬ್ಬಳಿಗೆ ಮೊದಲ ಮಾತು ಕೇಳಿಸಿದ್ದು ಅನೇಕ ವೇಳೆ ಈ ಪುಟಗಳಲ್ಲಿ.

ತೊಂಬತ್ತರ ದಶಕದಲ್ಲಿ ಕಿರುತೆರೆಯ ಧಾರಾವಾಹಿ ಅಂಗಡಿಯ ಗಿರಾಕಿಗಳನ್ನು ಸೆಳೆದುಕೊಂಡಿತು. ಒಂದೊಂದಾಗಿ ಮುಚ್ಚಿದ ಬಾಡಿಗೆ ಅಂಗಡಿಗಳ ಸಂಗ್ರಹಗಳು ತೂಕದ ಲೆಕ್ಕದಲ್ಲಿ ಹೋದವು. ಅದೇ ಹೊತ್ತಿಗೆ ಅಚ್ಚುಮೊಳೆಯ ಕಾಲ ಮುಗಿದು ಗಣಕದಲ್ಲಿ ಪುಟ ಜೋಡಿಸುವ ಕಾಲ ಬಂದಿತ್ತು. 1998ರಲ್ಲಿ ಬಂದ 'ಬರಹ', ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶಗಳಿಂದ ಲೇಖಕರು ತಮ್ಮ ಹಸ್ತಪ್ರತಿಯನ್ನು ತಾವೇ ಅಕ್ಷರಕ್ಕಿಳಿಸುವುದು ಸಾಧ್ಯವಾಯಿತು. 2016ರ ಕೊನೆಯಲ್ಲಿ ಅಮೆಜಾನ್ ಸಂಸ್ಥೆ ಕಿಂಡಲ್‌ನಲ್ಲಿ ಐದು ಭಾರತೀಯ ಭಾಷೆಗಳ ಪುಸ್ತಕಗಳನ್ನು ತಂದಾಗ ಕನ್ನಡ ಅವುಗಳಲ್ಲಿ ಇರಲಿಲ್ಲ. ಬೆಂಗಳೂರಿನಲ್ಲೇ ಹುಟ್ಟಿದ 'ಪ್ರತಿಲಿಪಿ'ಯಂತಹ ವೇದಿಕೆಗಳು ಆ ತೆರಪನ್ನು ತುಂಬಿದವು. ಪ್ರಕಾಶಕನ ಮಧ್ಯಸ್ಥಿಕೆಯಿಲ್ಲದೆ, ಕಂತುಗಳಲ್ಲಿ, ಪ್ರೇಮವನ್ನೇ ಮುಖ್ಯ ವಸ್ತುವಾಗಿಸಿ ಅಲ್ಲಿ ಬರೆಯುವ ತರುಣಿಯರ ಪದ್ಧತಿಯಲ್ಲಿ ಗ್ರಂಥಮಾಲೆಯೂ ವಾರಪತ್ರಿಕೆಯೂ ಒಟ್ಟಿಗೆ ಕೂಡಿಕೊಂಡಿರುವುದು ಕಾಣುತ್ತದೆ.

ಸಂಶೋಧನೆಯ ದೃಷ್ಟಿಯಿಂದ ಕಳವಳಕಾರಿಯಾದುದು ಆಕರಗಳ ಸ್ಥಿತಿ. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯಿದೆಯ ಅನ್ವಯ ಬ್ರಿಟಿಷ್ ಪ್ರಾಂತ್ಯಗಳಲ್ಲಿ ತಯಾರಾದ ತ್ರೈಮಾಸಿಕ ಪಟ್ಟಿಗಳು ಪುಸ್ತಕದ ಹೆಸರು, ಮುದ್ರಕ, ಪ್ರಕಾಶಕ, ಪ್ರತಿಗಳ ಸಂಖ್ಯೆ, ಬೆಲೆ ಎಲ್ಲವನ್ನೂ ದಾಖಲಿಸಿದವು. ಮಂಗಳೂರು ಮದ್ರಾಸ್ ಪ್ರಾಂತ್ಯದಲ್ಲೂ ಧಾರವಾಡ ಬೊಂಬಾಯಿ ಪ್ರಾಂತ್ಯದಲ್ಲೂ ಇದ್ದುದರಿಂದ ಅಲ್ಲಿನ ಕನ್ನಡ ಪುಸ್ತಕಗಳಿಗೆ ಈ ಪಟ್ಟಿಗಳು ಅಮೂಲ್ಯ ಆಕರ. ನಂಜನಗೂಡು ಮೈಸೂರು ಸಂಸ್ಥಾನದ ಊರು. 1954ರ ಪುಸ್ತಕ ಸಲ್ಲಿಕೆ ಕಾಯಿದೆ ಪ್ರತಿಯೊಂದು ಪುಸ್ತಕದ ಪ್ರತಿಯನ್ನು ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ಮೂರು ಗ್ರಂಥಾಲಯಗಳಿಗೂ ಕಳುಹಿಸುವ ಹೊಣೆಯನ್ನು ಪ್ರಕಾಶಕನ ಮೇಲೆ ಹೊರಿಸಿತು. ಐದುನೂರು ಪ್ರತಿ ಅಚ್ಚುಹಾಕಿಸಿ, ತನ್ನ ಅಂಚೆವೆಚ್ಚದಲ್ಲಿ ನಾಲ್ಕನ್ನು ಹೊರರಾಜ್ಯಗಳಿಗೆ ಕಳುಹಿಸುವುದು ತಾನೇ ಪ್ರಕಾಶಕಿಯಾದ ಲೇಖಕಿಗೆ ಹೊರೆಯೇ ಸರಿ. 1867ರ ಕಾಯಿದೆಯ ಸ್ಥಾನದಲ್ಲಿ ಬಂದು 2024ರ ಮಾರ್ಚ್‌ನಲ್ಲಿ ಜಾರಿಯಾದ 2023ರ ನಿಯತಕಾಲಿಕಗಳ ಕಾಯಿದೆಯ ವ್ಯಾಪ್ತಿಯಿಂದ ಪುಸ್ತಕಗಳನ್ನು ಕೈಬಿಡಲಾಗಿದೆ.

ರಾಜ್ಯದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಅಡಿ ಬೆಳೆದ ಗ್ರಂಥಾಲಯಗಳು ಈ ಕಾದಂಬರಿಗಳನ್ನು ಕೊಂಡವು, ನಿಜ, ಕೊಂಡದ್ದು ಓದಿಸುವುದಕ್ಕೆ. ಹರಿದ ಪ್ರತಿಯನ್ನು ಪಟ್ಟಿಯಿಂದ ತೆಗೆದುಹಾಕುವುದು ಎರವಲು ವಿಭಾಗದ ಸಹಜ ಕ್ರಮ, ಅತಿಹೆಚ್ಚು ಓದಿಸಿಕೊಂಡ ಪುಸ್ತಕವೇ ಮೊದಲು ಹರಿಯುವುದೂ ಸಹಜ. ಬಾಡಿಗೆ ಅಂಗಡಿಯ ಪ್ರತಿಗಳು ಸಿಕ್ಕರೂ ಮರುರಟ್ಟಿನಲ್ಲಿ ಒಳಪುಟ ಹೋಗಿ ಮುದ್ರಣದ ವರ್ಷ, ಪ್ರಕಾಶಕರ ಹೆಸರು ತಿಳಿಯದಂತಾಗಿರುತ್ತದೆ. ಆದರೆ ಅಂತಹ ಪ್ರತಿಯ ಕೊನೆಯ ಹಾಳೆಯಲ್ಲಿ ಅಂಗಡಿಯ ಮೊಹರು, ಹಿಂದಿರುಗಿಸಿದ ದಿನಾಂಕಗಳ ಸಾಲು, ಕೆಲವೊಮ್ಮೆ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದ ಓದುಗರ ಮಾತು ಉಳಿದಿರುವುದುಂಟು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕ ವ್ಯಾಪಾರಿಗಳು ಇಂತಹ ಪ್ರತಿಗೆ ಕಡಿಮೆ ಬೆಲೆ ಕಟ್ಟುತ್ತಾರೆ. ಗ್ರಂಥಾಲಯಗಳು ದಾನವಾಗಿ ಬಂದರೂ ಅದನ್ನು ಶಿಥಿಲ ಪ್ರತಿಯೆಂದು ಬದಿಗಿಡುತ್ತವೆ.