ಮೆಣಸಿನ ಬಳ್ಳಿ ಕಂಡ ಕಾಲ



ಈ ಹೊತ್ತು ನಿಮ್ಮ ತೋಟದ ಅಡಿಕೆ ಮರವನ್ನೋ ಹಿತ್ತಿಲ ಹಲಸಿನ ಮರವನ್ನೋ ತಬ್ಬಿಕೊಂಡು ನಿಂತಿರುವ ಮೆಣಸಿನ ಬಳ್ಳಿಯ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಮೆಣಸಿನ ಬೇಸಾಯ ನಿಮಗೆ ಗೊತ್ತಿಲ್ಲದ್ದೇನೂ ಅಲ್ಲ. ಅದರ ಚರಿತ್ರೆ ಮಾತ್ರ ನಮ್ಮಲ್ಲಿ ಹಲವರಿಗೆ ತಿಳಿದಿಲ್ಲ. ಚರಿತ್ರೆಯಿಂದ ಹೊಟ್ಟೆ ತುಂಬುತ್ತದೆಯೇ ಅಂತ ನೀವು ಕೇಳಬಹುದು. ತುಂಬುವುದಿಲ್ಲ, ಸರಿ. ಆದರೆ ಅದು ತಿಳಿಯದೆ ನಾನೇ ಒಂದು ತಪ್ಪು ಮಾಡಿದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಒಂದು ಮಾತು. ಕಾಳುಮೆಣಸಿನ ತವರುಮನೆ ನಮ್ಮ ಪಶ್ಚಿಮ ಘಟ್ಟದ ಕಾಡು. ಬೇರೆ ಎಲ್ಲ ದೇಶಗಳಿಗೂ ಅದು ಇಲ್ಲಿಂದಲೇ ಹೋದದ್ದು. ಕ್ರಿ.ಪೂ. 1213ರಲ್ಲಿ ತೀರಿಕೊಂಡ ಈಜಿಪ್ಟಿನ ಅರಸ ಎರಡನೆಯ ರಾಮ್ಸೆಸ್‌ನ ಶವವನ್ನು ಕೆಡದಂತೆ ಕಾಪಿಡುವಾಗ ಮೂಗಿನಲ್ಲಿ ಮೆಣಸಿನ ಕಾಳು ಇಟ್ಟಿದ್ದರು. ಕೆಂಪು ಸಮುದ್ರದ ದಡದಲ್ಲಿ ಬೆರೆನಿಕೆ ಎಂಬ ಹಳೆಯ ಬಂದರು ಇದೆ. ಅಲ್ಲಿ ಅಗೆದು ನೋಡಿದವರಿಗೆ ಭಾರತದ ಮಣ್ಣಿನ ಹರವಿಯಲ್ಲಿ ಏಳೂವರೆ ಕಿಲೋ ಕರಿಮೆಣಸು ಸಿಕ್ಕಿತು. ಸುಮಾರು ಎರಡು ಸಾವಿರ ವರ್ಷದ ಹಿಂದಿನ ಮೆಣಸು ಅದು! ಅದೇ ಕಾಲದ ರೋಮಿನ ಪ್ಲಿನಿ ಎಂಬ ಪಂಡಿತ, ಖಾರವೊಂದನ್ನು ಬಿಟ್ಟರೆ ಬೇರೆ ಗುಣವಿಲ್ಲದ ಈ ಕಾಳಿಗೆ ಜನ ಇಷ್ಟೇಕೆ ಮರುಳಾದರೋ ಎಂದು ಗೊಣಗಿ ಬರೆದಿಟ್ಟಿದ್ದಾನೆ. ಗೊಣಗಿದರೂ ಹಡಗು ನಿಲ್ಲಲಿಲ್ಲ. ಕ್ರಿ.ಶ. 408ರಲ್ಲಿ ರೋಮ್ ಪಟ್ಟಣಕ್ಕೆ ಮುತ್ತಿಗೆ ಹಾಕಿದ ಅಲಾರಿಕ್ ಎಂಬ ದಂಡನಾಯಕ ಬಿಡುಗಡೆಗೆ ಕೇಳಿದ ಕಪ್ಪದಲ್ಲಿ ಚಿನ್ನ, ಬೆಳ್ಳಿ, ರೇಷ್ಮೆಯ ಜೊತೆಗೆ 3,000 ಪೌಂಡು ಮೆಣಸೂ ಇತ್ತು.

ಇನ್ನು ನಮ್ಮ ಕನ್ನಡ ನಾಡಿಗೆ ಬರೋಣ. 1498ರ ಮೇ ತಿಂಗಳಲ್ಲಿ ಪೋರ್ಚುಗೀಸರ ವಾಸ್ಕೋ ಡ ಗಾಮ ಕಲ್ಲಿಕೋಟೆಯ ಹತ್ತಿರ ಹಡಗು ನಿಲ್ಲಿಸಿದ. ಅವನ ಹಿಂದೆ ಬಂದವರು ಮೆಣಸು ಹುಡುಕುತ್ತಾ ನಮ್ಮ ಭಟ್ಕಳ, ಹೊನ್ನಾವರದ ಬಂದರುಗಳಿಗೂ ಬಂದರು. ಆ ಶತಮಾನದಲ್ಲಿ ಶರಾವತಿಯ ದಡದ ಗೇರುಸೊಪ್ಪೆಯನ್ನು ಆಳಿದವಳು ರಾಣಿ ಚೆನ್ನಭೈರಾದೇವಿ. ಸುಮಾರು 1552ರಿಂದ 1606ರವರೆಗೆ, ಅಂದರೆ ಐವತ್ತು ವರ್ಷಕ್ಕೂ ಮೇಲೆ ಆಕೆಯ ಆಳ್ವಿಕೆ ಎಂದು ಚರಿತ್ರೆಕಾರರು ಹೇಳುತ್ತಾರೆ. ಘಟ್ಟದ ಮೆಣಸು ಆಕೆಯ ಸೀಮೆಯಲ್ಲಿ ಇಳಿದು ಹಡಗು ಹತ್ತುತ್ತಿತ್ತು. ಪೋರ್ಚುಗೀಸರು ಆಕೆಯ ಮೇಲೆ ಯುದ್ಧವನ್ನೂ ಮಾಡಿದರು, ಆಕೆಯಿಂದ ಮೆಣಸನ್ನೂ ಕೊಂಡರು. ‘ರೈನಾ ದ ಪಿಮೆಂತ’, ಅಂದರೆ ಮೆಣಸಿನ ರಾಣಿ ಎಂದು ಅವರೇ ಹೆಸರಿಟ್ಟರು.

ಕೊನೆಗೆ ಕೆಳದಿಯ ವೆಂಕಟಪ್ಪ ನಾಯಕ ಗೇರುಸೊಪ್ಪೆಯನ್ನು ಗೆದ್ದ. ರಾಣಿ ಸೆರೆಯಲ್ಲೇ ತೀರಿಕೊಂಡಳು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ ಇಕ್ಕೇರಿಗೆ ಹೋಗುವ ದಾರಿಯಲ್ಲಿ ಗೇರುಸೊಪ್ಪೆಗೆ ಬಂದಾಗ ಪಟ್ಟಣ ಪಾಳು ಬಿದ್ದಿತ್ತು. ಈಗಲೂ ನೀವು ಅಲ್ಲಿಗೆ ಹೋದರೆ ಕಾಡಿನ ನಡುವೆ ಚತುರ್ಮುಖ ಬಸದಿಯನ್ನು ನೋಡಬಹುದು. ಅರಮನೆ ಹೋಯಿತು, ಸಿಂಹಾಸನ ಹೋಯಿತು. ಮೆಣಸಿನ ಬಳ್ಳಿ ಮಾತ್ರ ಹೋಗಲಿಲ್ಲ. ಯಾಕೆ? ಅದು ಅರಮನೆಯ ಹೂದೋಟದಲ್ಲಿ ಬೆಳೆದದ್ದಲ್ಲ. ಒಕ್ಕಲು ಮನೆಯ ಅಡಿಕೆ ಮರಕ್ಕೆ ಹಬ್ಬಿ ಬೆಳೆದದ್ದು. 1800–1801ರಲ್ಲಿ ಇಂಗ್ಲಿಷರ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಕಡೆ ಸುತ್ತಿದಾಗ ಕಂಡದ್ದೂ ಅದೇ: ಅಡಿಕೆ, ಮೆಣಸು, ಏಲಕ್ಕಿ, ವೀಳ್ಯದೆಲೆ ಒಂದೇ ತೋಟದಲ್ಲಿ. ಇವತ್ತು ನೀವು ಮಾಡುತ್ತಿರುವುದೂ ಅದನ್ನೇ ಅಲ್ಲವೆ?

ಈಗ ಇನ್ನೊಂದು ಸೋಜಿಗ ಕೇಳಿ. ನಾವು ‘ಮೆಣಸಿನಕಾಯಿ’ ಅನ್ನುತ್ತೇವಲ್ಲ, ಅದು ನಮ್ಮ ಮಣ್ಣಿನದಲ್ಲ. ಅಮೆರಿಕ ಖಂಡದ ಗಿಡ. 1492ರ ಮುಂಚೆ ಅದನ್ನು ನಮ್ಮ ದೇಶದಲ್ಲಿ ಯಾರೂ ಕಂಡಿರಲಿಲ್ಲ. ಪೋರ್ಚುಗೀಸರ ಹಡಗಿನಲ್ಲಿ ಬಂದ ಈ ಹೊಸ ಕಾಯಿಗೆ ನಮ್ಮ ಹಿರಿಯರು ತಮಗೆ ಗೊತ್ತಿದ್ದ ಮೆಣಸಿನ ಹೆಸರನ್ನೇ ಕೊಟ್ಟರು. ಮೆಣಸಿನ ಬಳ್ಳಿಗೆ ನೆರಳು ಬೇಕು, ಮಳೆ ಬೇಕು, ಮರ ಬೇಕು. ಮೆಣಸಿನಕಾಯಿ ಬಯಲುಸೀಮೆಯ ಬಿಸಿಲಲ್ಲೂ ಬಂತು, ಬಡವನ ಹಿತ್ತಿಲಲ್ಲೂ ಬಂತು, ಆರು ತಿಂಗಳೊಳಗೆ ಕಾಯಿ ಕೊಟ್ಟಿತು. ಬರಬರುತ್ತಾ ಅಡುಗೆಮನೆಯ ಖಾರವೆಲ್ಲ ಅದರ ಪಾಲಾಯಿತು. ಕಾಳುಮೆಣಸಿಗೆ ಉಳಿದದ್ದು ಬಾಣಂತಿಯ ಪಥ್ಯ, ನೆಗಡಿಯ ಕಷಾಯ, ಮೆಣಸಿನ ಸಾರು, ಹಾಗೂ ಪೇಟೆಯ ತಕ್ಕಡಿ.

ಇಷ್ಟಾಯಿತಲ್ಲ, ಈಗ ನನ್ನ ತಪ್ಪಿನ ಮಾತು.

ಡಿಪ್ಲೊಮಾ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ ದಿನಗಳು. ಮಲೆನಾಡಿನ ಒಂದು ಮನೆಗೆ ಹೋಗಿದ್ದೆ. ತೋಟದಲ್ಲಿ ನಾಲ್ಕೈದು ಬಗೆಯ ಬಳ್ಳಿ ಕಲಬೆರಕೆಯಾಗಿ ಇದ್ದವು. ಕೇರಳದ ಪನ್ನಿಯೂರು ಸಂಶೋಧನಾ ಕೇಂದ್ರದಿಂದ 1971ರಲ್ಲಿ ಹೊರಬಂದ ಪನ್ನಿಯೂರು-1 ಮೆಣಸಿನ ಮೊದಲ ಸಂಕರಣ ತಳಿ ಎಂದು ಓದಿದ್ದೆ. ಉದ್ದ ಕದಿರು, ದಪ್ಪ ಕಾಳು. “ಯಜಮಾನರೆ, ಈ ಹಳೆಯದೆಲ್ಲ ಕಿತ್ತು ಅದೊಂದನ್ನೇ ಹಾಕಿ” ಎಂದೆ. ಅವರು ನನ್ನ ಮುಖ ನೋಡಿ, “ನೀವು ಓದಿದವರು, ಹೇಳ್ತೀರಿ ಅಂದ್ಮೇಲೆ ಆಯ್ತು” ಅಂದರು. ಬಳ್ಳಿ ಸೊಂಪಾಗಿ ಹಬ್ಬಿತು, ಕಾಳು ಮಾತ್ರ ಬರಲಿಲ್ಲ. ಯಾಕೆಂದರೆ ಆ ತಳಿಗೆ ಬೆಳಕು ಬೇಕು. ಅವರದು ದಟ್ಟ ನೆರಳಿನ ತೋಟ. ತಳಿಯಲ್ಲಿ ದೋಷವಿರಲಿಲ್ಲ, ತೋಟ ನೋಡದೆ ಹೇಳಿದ ನನ್ನಲ್ಲಿ ಇತ್ತು. ನಾಲ್ಕು ವರ್ಷದ ಮೇಲೆ ಅವರ ಮನೆಯಾಕೆ ನೀರು ಬೆಲ್ಲ ಕೊಟ್ಟು, “ತಮ್ಮಾ, ಮಗಳ ಮದುವೆಗೆ ಮೆಣಸಿನ ದುಡ್ಡು ಅಂತ ಲೆಕ್ಕ ಹಾಕಿದ್ದೆವು” ಎಂದಷ್ಟೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಆಗ ನನಗೆ ಅರ್ಥವಾಯಿತು. ಕಾಡಿನ ಮೆಣಸಿನಲ್ಲಿ ಸಾಮಾನ್ಯವಾಗಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ನಮ್ಮ ತೋಟದ ಬಳ್ಳಿಯಲ್ಲಿ ಹೆಚ್ಚಾಗಿ ಎರಡೂ ಒಂದೇ ಹೂವಿನಲ್ಲಿ ಇರುತ್ತವೆ. ಹೀಗಾದದ್ದು ತಾನಾಗಿ ಅಲ್ಲ. ಯಾವ ಬಳ್ಳಿ ಚೆನ್ನಾಗಿ ಕಾಳು ಹಿಡಿಯಿತೋ ಅದರ ಕುಡಿಯನ್ನೇ ಕತ್ತರಿಸಿ ನೆಡುತ್ತಾ ಬಂದ ಹೆಸರಿಲ್ಲದ ರೈತರು ತಲೆತಲಾಂತರದಲ್ಲಿ ಮಾಡಿದ ಆಯ್ಕೆ ಅದು. ಮಲ್ಲಿಗೆಸರ, ಕರಿಮಲ್ಲಿಸರ, ಬಿಳಿಮಲ್ಲಿಸರ, ಉದ್ದಗೆರೆ, ದೊಡ್ಡಿಗ್ಯ ಎಂದು ಮಲೆನಾಡಿನಲ್ಲಿ ಕರೆಯುವ ಬಳ್ಳಿಗಳೆಲ್ಲ ಹಾಗೆ ಉಳಿದು ಬಂದವು. ಪನ್ನಿಯೂರು-1 ಆದರೂ ಎರಡು ನಾಟಿ ಬಳ್ಳಿಗಳ ಮಗುವೇ. ಹಳೆಯ ಬಳ್ಳಿ ಇಲ್ಲದೆ ಹೊಸ ತಳಿ ಎಲ್ಲಿಂದ ಬರಬೇಕು?

ಇನ್ನು ಸೊರಗು ರೋಗದ ವಿಚಾರ. ನಿನ್ನೆ ಹಸಿರಾಗಿದ್ದ ಬಳ್ಳಿ ಮಳೆಗಾಲದಲ್ಲಿ ಹದಿನೈದು ದಿನದೊಳಗೆ ಎಲೆ ಉದುರಿಸಿ, ಗಿಣ್ಣು ಗಿಣ್ಣು ಕಳಚಿ ಸಾಯುತ್ತದೆ. ಇದಕ್ಕೆ ಕಾರಣವಾದ ಶಿಲೀಂಧ್ರವೂ ಅಡಿಕೆಯ ಕೊಳೆರೋಗದ ಶಿಲೀಂಧ್ರವೂ ದಾಯಾದಿಗಳು. ಎರಡೂ ಮಳೆ ನೀರಿನಲ್ಲೇ ಹರಡುವಂಥವು. ಹಿಂದೆ ಅಡಿಕೆ ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾ ದೇಶದ ಡಾಕ್ಟರ್ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಬರೆದು ಪ್ರಕಟಿಸಿದರು. ಬೋರ್ಡೋ ದ್ರಾವಣ ಹೊಡೆಯುವ ಪದ್ಧತಿ ನಮ್ಮ ಅಡಿಕೆ ತೋಟಕ್ಕೆ ಬಂದದ್ದು ಅವರಿಂದ. ಆ ದ್ರಾವಣದ ಹುಟ್ಟೂ ರೈತನ ಕೈಯಲ್ಲೇ ಆದದ್ದು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರೈತರು ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಬಳಿದ ಬಳ್ಳಿಗೆ ರೋಗವಿಲ್ಲದ್ದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಕಂಡು, 1885ರಲ್ಲಿ ಲೋಕಕ್ಕೆ ತಿಳಿಸಿದರು.

ಹಾಗಾದರೆ ನಾವು ಮಾಡಬೇಕಾದದ್ದೇನು? ಚಿಕ್ಕದಾಗಿ ಹೇಳುತ್ತೇನೆ.

ಒಂದನೆಯದು, ಬುಡದಲ್ಲಿ ನೀರು ನಿಲ್ಲಬಾರದು. ಮಳೆಗೆ ಮುಂಚೆಯೇ ಬಸಿಗಾಲುವೆ ಎತ್ತಿ. ನೆಲದ ಮೇಲೆ ಹರಿದಾಡುವ ಹಂಬನ್ನು ಮರಕ್ಕೆ ಎತ್ತಿ ಕಟ್ಟಿ. ಸತ್ತ ಬಳ್ಳಿಯನ್ನು ಬೇರು ಸಹಿತ ತೆಗೆದು ಸುಡಿ.

ಎರಡನೆಯದು, ಮಳೆ ಹಿಡಿಯುವ ಮುಂಚೆ ಒಮ್ಮೆ, ಆಗಸ್ಟ್ ಹೊತ್ತಿಗೆ ಹೊಳವಾದಾಗ ಇನ್ನೊಮ್ಮೆ ಶೇಕಡಾ 1ರ ಬೋರ್ಡೋ ದ್ರಾವಣ ಹೊಡೆಯಿರಿ. 1 ಕಿಲೋ ಮೈಲುತುತ್ತಕ್ಕೆ 50 ಲೀಟರ್ ನೀರು, 1 ಕಿಲೋ ಸುಣ್ಣಕ್ಕೆ 50 ಲೀಟರ್ ನೀರು. ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕಿ. ಕಬ್ಬಿಣದ ಪಾತ್ರೆ ಬೇಡ. ಹೊಳೆಯುವ ಚಾಕು ಅದ್ದಿ ನೋಡಿ. ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಬೇಕು. ಬುಡಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 2 ಗ್ರಾಂ ಕರಗಿಸಿ, ಬಳ್ಳಿಗೆ 5ರಿಂದ 10 ಲೀಟರಿನಂತೆ ಹೊಯ್ಯಿರಿ.

ಮೂರನೆಯದು, ಇದೇ ಮುಖ್ಯ. ಒಂದೇ ತಳಿಯ ಮೇಲೆ ಮನೆಯ ಲೆಕ್ಕವನ್ನೆಲ್ಲ ಇಡಬೇಡಿ. ಬೆಳಕಿರುವ ಕಡೆ ಹೊಸ ತಳಿ ಹಾಕಿ, ನೆರಳಿನ ಕಡೆ ನಿಮ್ಮ ನಾಟಿ ಬಳ್ಳಿ ಇರಲಿ. ಸುತ್ತಲಿನ ಬಳ್ಳಿ ಸತ್ತರೂ ಉಳಿದು ಕಾಳು ಕೊಟ್ಟ ಬಳ್ಳಿ ನಿಮ್ಮಲ್ಲಿದ್ದರೆ ಅದಕ್ಕೊಂದು ಗುರುತು ಕಟ್ಟಿ. ಅದರ ಬುಡದ ಹಂಬನ್ನು ಮಣ್ಣಿಗೆ ತಾಗದಂತೆ ಸುತ್ತಿಟ್ಟು, ಫೆಬ್ರವರಿ–ಮಾರ್ಚಿನಲ್ಲಿ ಎರಡು ಮೂರು ಗಿಣ್ಣಿನ ತುಂಡು ಮಾಡಿ ಬೇರು ಬರಿಸಿ. ನೆರೆಮನೆಗೂ ನಾಲ್ಕು ಕೊಡಿ. ಒಂದು ವೇಳೆ ನಿಮ್ಮ ಬಳ್ಳಿ ಸತ್ತರೆ ಅವರಲ್ಲಿ ಉಳಿದೀತು.

ನಾನು ಕೆಡಿಸಿದ ಆ ತೋಟದಲ್ಲೂ ಹೀಗೇ ಆಯಿತು. ಕೊಟ್ಟಿಗೆಯ ಹಿಂದಿನ ಹಲಸಿನ ಮರದಲ್ಲಿ ಒಂದು ಹಳೆಯ ಮಲ್ಲಿಗೆಸರ ಉಳಿದಿತ್ತು. ನಾನು ಕೀಳಲು ಹೇಳಿದಾಗ ಮನೆಯಾಕೆ ಒಪ್ಪಿರಲಿಲ್ಲ. “ಇದು ಅತ್ತೆ ನೆಟ್ಟದ್ದು, ಇರಲಿ ಬಿಡಿ” ಅಂದಿದ್ದರು. ಆ ಒಂದರಿಂದ ಈಗ ನೂರಾರು ಕುಡಿಯಾಗಿವೆ. ಮೊನ್ನೆ ಹೋದಾಗ ಕಿರಿಮಗಳ ಮದುವೆಗೆ ಕರೆಯೋಲೆ ಕೊಟ್ಟರು.

ರಾಣಿಯ ಹೆಸರು ಚರಿತ್ರೆಯಲ್ಲಿ ಉಳಿಯಿತು. ಬಳ್ಳಿಯನ್ನು ಉಳಿಸಿದ ಅತ್ತೆಯರ ಹೆಸರು ಎಲ್ಲಿಯೂ ಇಲ್ಲ. ಅವರ ಬಳ್ಳಿ ನಿಮ್ಮ ಮರದ ಮೇಲಿದೆ. ನಾಳೆ ಬೆಳಿಗ್ಗೆ ತೋಟಕ್ಕೆ ಹೋದಾಗ ಒಮ್ಮೆ ಅದರ ಬುಡ ನೋಡಿ ಬನ್ನಿ.